ಕೊಡಗಿನಲ್ಲಿ ಕುಳಿತು ಬ್ಲಾಗ್ ವಿನ್ಯಾಸದ ಸ್ವತಂತ್ರ ವೃತ್ತಿ: ಮೊದಲ ಮಾತುಕತೆಯಿಂದ ಹಸ್ತಾಂತರದವರೆಗೆ

ಗೋಣಿಕೊಪ್ಪಲಿನ ಸುತ್ತಮುತ್ತ ಬ್ಲಾಗ್ ಮಾಡಿಸಿಕೊಳ್ಳಲು ನನ್ನ ಬಳಿಗೆ ಬಂದವರಲ್ಲಿ ಹೆಚ್ಚಿನವರು ಹೋಂಸ್ಟೇ ನಡೆಸುವವರು, ತಮ್ಮದೇ ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ ಮಾರುವ ಬೆಳೆಗಾರರು, ಸೇನೆಯಿಂದ ನಿವೃತ್ತರಾಗಿ ಬಂದು ನೆನಪುಗಳನ್ನು ಬರೆಯಲು ಕುಳಿತವರು, ಕಡಂಬುಟ್ಟು, ನೂಲ್‌ಪುಟ್ಟುಗಳ ಹದವನ್ನು ಮೊಮ್ಮಕ್ಕಳಿಗಾಗಿ ಬರೆದಿಡಬೇಕೆಂದು ಹೊರಟ ಗೃಹಿಣಿಯರು. ಇವರಲ್ಲಿ ಯಾರೂ ಬಣ್ಣ ಸರಿಯಿಲ್ಲ, ಅಕ್ಷರ ಚೆನ್ನಾಗಿಲ್ಲ ಎಂದು ನನ್ನೊಡನೆ ಮುನಿಸಿಕೊಂಡದ್ದಿಲ್ಲ. ಮುನಿಸು ಬಂದದ್ದೆಲ್ಲ ಬರಹವನ್ನು ಯಾರು ಕೊಡಬೇಕಿತ್ತು, ಡೊಮೇನ್ (ಬ್ಲಾಗಿನ ಅಂತರಜಾಲ ವಿಳಾಸ) ಯಾರ ಹೆಸರಿನಲ್ಲಿದೆ, ಉಳಿದ ಹಣ ಯಾವಾಗ ಬರುತ್ತದೆ ಎಂಬ ಮೂರೇ ಪ್ರಶ್ನೆಗಳ ಮೇಲೆ. ಹೀಗಾಗಿ, ಈ ವೃತ್ತಿಗೆ ಹೊಸದಾಗಿ ಇಳಿಯುವವರಿಗೆ ನಾನು ಹೇಳಬೇಕಾದದ್ದರಲ್ಲಿ ಅರ್ಧದಷ್ಟು ವಿನ್ಯಾಸದ ಕಡತವನ್ನು ತೆರೆಯುವುದಕ್ಕೂ ಮೊದಲೇ ಮುಗಿಯಬೇಕಾದ ಕೆಲಸಗಳಿಗೆ ಸೇರಿದ್ದು.

ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು

ಕೊಡಗಿನ ಗಿರಾಕಿಗಳ ವಿಷಯದಲ್ಲಿ ಮೊದಲು ತಿಳಿದುಕೊಳ್ಳಬೇಕಾದದ್ದು, ಗಿರಾಕಿ ನಿಜವಾಗಿ ಯಾರು ಎಂಬುದನ್ನು. ಹಣ ಕೊಡುವವರು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇರುವ ಮಗ ಅಥವಾ ಮಗಳು. ಬರೆಯಬೇಕಾದವರು ತೋಟದಲ್ಲಿರುವ ತಂದೆ. ಅತಿಥಿಗಳ ಫೋನಿಗೆ ಉತ್ತರಿಸುವವರು ತಾಯಿ. ಮೂವರಿಗೂ ಬ್ಲಾಗಿನ ಬಗ್ಗೆ ಮೂರು ಬಗೆಯ ನಿರೀಕ್ಷೆಗಳಿರುತ್ತವೆ. ಮಗನಿಗೆ ನೋಡಲು ಆಧುನಿಕವಾಗಿರಬೇಕು, ತಂದೆಗೆ ತಮ್ಮ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಚರಿತ್ರೆ ಮುಖಪುಟದಲ್ಲೇ ಬರಬೇಕು, ತಾಯಿಗೆ ಮಾತ್ರ ದಿನಕ್ಕೆ ಹತ್ತು ಸಲ ‘ಊಟ ಸೇರಿದೆಯೇ, ದಾರಿ ಹೇಗೆ’ ಎಂಬ ಪ್ರಶ್ನೆಗೆ ಉತ್ತರಿಸುವ ಕಾಟ ತಪ್ಪಿದರೆ ಸಾಕು. ನನ್ನ ಅನುಭವದಲ್ಲಿ ಬ್ಲಾಗಿಗೆ ಅತಿ ಉಪಯುಕ್ತವಾದ ಮಾಹಿತಿ ಸಿಗುವುದು ಆ ತಾಯಿಯಿಂದ. ಆದರೆ ಸಭೆಗೆ ಅವರನ್ನು ಕರೆಯುವ ರೂಢಿಯೇ ಇರುವುದಿಲ್ಲ. ಕರೆಯಿರಿ. ಅಂತಿಮ ಒಪ್ಪಿಗೆ ಮೂವರಲ್ಲಿ ಯಾರದು ಎಂಬುದನ್ನೂ ಅಂದೇ ಬಾಯಿಬಿಟ್ಟು ಕೇಳಿ ಬರೆದುಕೊಳ್ಳಿರಿ.

ಎರಡನೆಯದಾಗಿ, ಮುಂದಿನ ಆರು ತಿಂಗಳಲ್ಲಿ ಎಷ್ಟು ಬರಹಗಳನ್ನು ಪ್ರಕಟಿಸಲು ಸಾಧ್ಯ ಎಂದು ಕೇಳಿರಿ. ಉತ್ತರ ‘ನೋಡೋಣ’ ಎಂದಾದರೆ ಅವರಿಗೆ ಬೇಕಾಗಿರುವುದು ಬಹುಶಃ ಬ್ಲಾಗ್ ಅಲ್ಲ. ಕೋಣೆಗಳ ಚಿತ್ರ, ದರ, ದಾರಿ ಇರುವ ಒಂದು ಸರಳ ಪುಟ ಮತ್ತು ಗೂಗಲ್ ನಕ್ಷೆಯಲ್ಲಿ ಸರಿಯಾಗಿ ತುಂಬಿದ ವ್ಯವಹಾರದ ವಿವರ. ಹಾಗೆ ಹೇಳಿಬಿಟ್ಟರೆ ಅಂದಿನ ಆದಾಯ ಕಡಿಮೆಯಾಗುತ್ತದೆ ನಿಜ. ಆದರೆ ಕಳೆದ ಹುತ್ತರಿಯ ಶುಭಾಶಯವೇ ಕೊನೆಯ ಬರಹವಾಗಿ ಧೂಳು ಹಿಡಿದು ಕುಳಿತ ಬ್ಲಾಗ್, ಅದನ್ನು ಮಾಡಿಕೊಟ್ಟವರಿಗೂ ಕೆಟ್ಟ ಹೆಸರನ್ನೇ ತರುತ್ತದೆ. ಇಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುವುದರಿಂದ ಆ ಹೆಸರು ಬೇಗ ಹರಡುತ್ತದೆ.

ಅದೇ ಕಾರಣದಿಂದ ಇನ್ನೊಂದು ಎಚ್ಚರ ಬೇಕು. ಒಂದೇ ರಸ್ತೆಯ ಎರಡು ಹೋಂಸ್ಟೇಗಳಿಗೆ ಕೆಲಸ ಮಾಡಬೇಕಾದ ಪ್ರಸಂಗ ಇಲ್ಲಿ ಸಹಜವಾಗಿ ಬರುತ್ತದೆ. ಮೊದಲನೆಯವರಿಗೆ ವಿಷಯವನ್ನು ಮುಂಚಿತವಾಗಿ ತಿಳಿಸಿ, ಇಬ್ಬರ ಅಂಕಿ-ಅಂಶಗಳನ್ನೂ ಪರಸ್ಪರ ಬಾಯಿಬಿಡದೆ, ಒಂದೇ ಥೀಮನ್ನು (ಬ್ಲಾಗಿನ ವಿನ್ಯಾಸದ ಅಚ್ಚನ್ನು) ಬಣ್ಣ ಬದಲಿಸಿ ಇಬ್ಬರಿಗೂ ಮಾರದೆ ಇರುವುದಾದರೆ ಒಪ್ಪಿಕೊಳ್ಳಬಹುದು.

ದರ ಮತ್ತು ಒಪ್ಪಂದ

ದರವನ್ನು ಪಕ್ಕದವರು ಎಷ್ಟು ಕೇಳುತ್ತಾರೆ ಎಂಬುದರಿಂದ ಆರಂಭಿಸಿದರೆ ವರ್ಷದ ಕೊನೆಯಲ್ಲಿ ಕೈಯಲ್ಲಿ ಏನೂ ಉಳಿಯುವುದಿಲ್ಲ. ವರ್ಷಕ್ಕೆ ಮನೆ ನಡೆಯಲು, ಲ್ಯಾಪ್‌ಟಾಪ್ ಮತ್ತು ಇನ್ವರ್ಟರ್ ಬ್ಯಾಟರಿ ಬದಲಿಸಲು, ಇಂಟರ್ನೆಟ್ಟಿಗೆ, ತೆರಿಗೆಗೆ ಒಟ್ಟು ಎಷ್ಟು ಬೇಕೆಂದು ಮೊದಲು ಲೆಕ್ಕ ಹಾಕಬೇಕು. ಉದಾಹರಣೆಗೆ 4,80,000 ರೂಪಾಯಿ ಬೇಕೆಂದುಕೊಳ್ಳೋಣ. ವಾರಕ್ಕೆ 40 ಗಂಟೆಯಂತೆ 48 ವಾರ ದುಡಿದರೆ 1,920 ಗಂಟೆಗಳಾಗುತ್ತವೆ. ಆದರೆ ಫೋನ್ ಮಾತುಕತೆ, ಕೊಟೇಶನ್ ಬರೆಯುವುದು, ಹಣ ವಸೂಲಿ, ಹೊಸತನ್ನು ಕಲಿಯುವುದು ಇವೆಲ್ಲ ಕಳೆದು ಬಿಲ್ ಮಾಡಬಹುದಾದ ಸಮಯ ಅದರ ಅರ್ಧಕ್ಕಿಂತ ಹೆಚ್ಚು ಸಿಗುವುದು ಕಷ್ಟ. 960 ಗಂಟೆಗಳೆಂದು ಹಿಡಿದರೆ ಗಂಟೆಗೆ 500 ರೂಪಾಯಿ ಬೀಳುತ್ತದೆ. 60 ಗಂಟೆ ಹಿಡಿಯುವ ಬ್ಲಾಗನ್ನು 12,000ಕ್ಕೆ ಒಪ್ಪಿಕೊಂಡರೆ ಉಳಿದ 18,000 ನಮ್ಮ ಜೇಬಿನಿಂದಲೇ ಹೋಯಿತು ಎಂದು ಆಗ ಮನವರಿಕೆಯಾಗುತ್ತದೆ. ಗಿರಾಕಿಗೆ ಗಂಟೆಯ ದರವನ್ನು ಹೇಳಬೇಕಾಗಿಲ್ಲ. ಇಡೀ ಕೆಲಸಕ್ಕೆ ಒಂದು ಮೊತ್ತವನ್ನು ಹೇಳಿದರೆ ಸಾಕು. ಗಂಟೆಯ ಲೆಕ್ಕ ನಮ್ಮ ಕೈಪುಸ್ತಕದಲ್ಲಿರಬೇಕು.

ಸಂಬಂಧಿಕರು ಮತ್ತು ಸ್ನೇಹಿತರು ರಿಯಾಯಿತಿ ಕೇಳುತ್ತಾರೆ, ಕೊಡದಿರಲು ಆಗುವುದೂ ಇಲ್ಲ. ಕೊಡುವಾಗ ಬಿಲ್ಲಿನಲ್ಲಿ ಪೂರ್ತಿ ದರವನ್ನು ಬರೆದು, ಅದರ ಕೆಳಗೆ ರಿಯಾಯಿತಿಯನ್ನು ಬೇರೆಯಾಗಿ ಕಳೆದು ತೋರಿಸಿರಿ. ಹಾಗೆ ಮಾಡದಿದ್ದರೆ ರಿಯಾಯಿತಿಯ ದರವೇ ನಿಮ್ಮ ದರವೆಂದು ಮುಂದಿನ ಮದುವೆಯ ಮನೆಯಲ್ಲಿ ಇಪ್ಪತ್ತು ಜನರಿಗೆ ಗೊತ್ತಾಗಿರುತ್ತದೆ.

ಒಪ್ಪಂದ ಎರಡು ಪುಟಗಳನ್ನು ಮೀರಬೇಕಾಗಿಲ್ಲ, ಆದರೆ ಅದು ಗಿರಾಕಿ ಓದುವ ಭಾಷೆಯಲ್ಲಿರಬೇಕು. ಎಷ್ಟು ಬಗೆಯ ಪುಟಗಳನ್ನು ವಿನ್ಯಾಸ ಮಾಡಲಾಗುತ್ತದೆ, ಎಷ್ಟು ಸುತ್ತಿನ ತಿದ್ದುಪಡಿ ದರದಲ್ಲಿ ಸೇರಿದೆ, ಬರಹ ಮತ್ತು ಚಿತ್ರಗಳು ಯಾವ ದಿನಾಂಕದೊಳಗೆ ಗಿರಾಕಿಯಿಂದ ಬರಬೇಕು, ಬಾರದಿದ್ದರೆ ಏನಾಗುತ್ತದೆ, ಹಣ ಯಾವ ಹಂತದಲ್ಲಿ ಎಷ್ಟು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ನಾನು ಎರಡು ಸುತ್ತಿನ ತಿದ್ದುಪಡಿಯನ್ನು ಸೇರಿಸಿ, ಶೇಕಡ 40ನ್ನು ಮುಂಗಡವಾಗಿ, 40ನ್ನು ವಿನ್ಯಾಸ ಒಪ್ಪಿಗೆಯಾದಾಗ, 20ನ್ನು ಬ್ಲಾಗ್ ಸಾರ್ವಜನಿಕವಾಗುವ ಮುನ್ನ ಪಡೆಯುತ್ತೇನೆ. ಬರಹ 30 ದಿನ ತಡವಾದರೆ ಕೆಲಸವನ್ನು ಬದಿಗಿಟ್ಟು, ಮತ್ತೆ ಆರಂಭಿಸುವಾಗ ಹೊಸ ದಿನಾಂಕ ಕೊಡಲಾಗುತ್ತದೆ ಎಂಬ ವಾಕ್ಯ ನನ್ನನ್ನು ಹೆಚ್ಚು ಸಲ ಕಾಪಾಡಿದೆ. ಅದಿಲ್ಲದ ಕಾಲದಲ್ಲಿ ಒಂದು ಬ್ಲಾಗ್ ಹದಿನಾಲ್ಕು ತಿಂಗಳು ನನ್ನ ಮೇಜಿನ ಮೇಲಿತ್ತು.

ಹಕ್ಕುಸ್ವಾಮ್ಯದ ವಿಷಯವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಅವಧಿಯನ್ನು ಹೇಳದಿದ್ದರೆ ಅದು 5 ವರ್ಷ ಎಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತ ಎಂದೂ ಭಾವಿಸಲಾಗುತ್ತದೆ. ಪೂರ್ತಿ ಹಣ ಸಂದಾಯವಾದ ಮೇಲೆ ವಿನ್ಯಾಸದ ಹಕ್ಕು ಯಾವ ಅವಧಿಗೆ, ಎಲ್ಲೆಲ್ಲಿಗೆ ಗಿರಾಕಿಗೆ ಸೇರುತ್ತದೆ ಎಂಬ ಒಂದು ವಾಕ್ಯ, ಅದರ ಜೊತೆಗೆ ಬಳಸಿದ ಫಾಂಟ್, ಥೀಮ್, ಖರೀದಿಸಿದ ಚಿತ್ರಗಳ ಪರವಾನಗಿ ಯಾರ ಹೆಸರಿನಲ್ಲಿದೆ ಎಂಬ ಪಟ್ಟಿ, ಇಷ್ಟು ಇದ್ದರೆ ಮುಂದಿನ ತಕರಾರು ಬಹುಮಟ್ಟಿಗೆ ತಪ್ಪುತ್ತದೆ.

ತೆರಿಗೆಯ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಸೇವೆಗಳಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯನ್ನು ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವಂತಿಲ್ಲ. ಹೊರದೇಶದಿಂದ ಹಣ ಬರುವುದಾದರೆ ಮೊದಲ ಬಿಲ್ಲಿಗೂ ಮುನ್ನ ಲೆಕ್ಕಪರಿಶೋಧಕರೊಬ್ಬರನ್ನು ಕಾಣುವುದು ಒಳ್ಳೆಯದು.

ಕಾಫಿಯ ಪಂಚಾಂಗ, ಮಳೆಯ ಪಂಚಾಂಗ

ಬೇರೆ ಊರಿನ ವಿನ್ಯಾಸಕರಿಗೆ ಬೇಡವಾದ ಒಂದು ಲೆಕ್ಕ ನಮಗೆ ಬೇಕು. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಆರಂಭವಾಗಿ, ರೋಬಸ್ಟಾ ಕೊಯ್ಲು ಫೆಬ್ರವರಿಯವರೆಗೂ ಕೆಲವೆಡೆ ಅದರಾಚೆಗೂ ನಡೆಯುತ್ತದೆ. ಆ ದಿನಗಳಲ್ಲಿ ಬೆಳೆಗಾರರು ಆಳುಗಳನ್ನು ಹೊಂದಿಸುವುದರಲ್ಲಿ, ಕಣದಲ್ಲಿ ಕಾಫಿ ಒಣಗಿಸುವುದರಲ್ಲಿ, ಅಕಾಲಿಕ ಮೋಡವನ್ನು ನೋಡಿ ಟಾರ್ಪಾಲು ಎಳೆಯುವುದರಲ್ಲಿ ಮುಳುಗಿರುತ್ತಾರೆ. ಅದು ಮುಗಿಯುತ್ತಿದ್ದಂತೆ ಹೂಮಳೆಯ ನಿರೀಕ್ಷೆ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಓಡಿಸುವ ಗಡಿಬಿಡಿ. ಜನವರಿಯಲ್ಲಿ ‘ಮುಖಪುಟದ ಮೂರು ಮಾದರಿಗಳನ್ನು ಕಳುಹಿಸಿದ್ದೇನೆ, ಅಭಿಪ್ರಾಯ ತಿಳಿಸಿ’ ಎಂದು ಬರೆದರೆ ಉತ್ತರ ಬರುವುದು ಏಪ್ರಿಲಿನಲ್ಲಿ.

ಗಿರಾಕಿಗೆ ಬಿಡುವಿರುವುದು ಜೂನಿನಿಂದ ಸೆಪ್ಟೆಂಬರಿನವರೆಗೆ. ಹೋಂಸ್ಟೇಯವರಿಗೂ ಆ ಕಾಲವೇ ಅನುಕೂಲ. ಏಕೆಂದರೆ ತಲಕಾವೇರಿಯ ತೀರ್ಥೋದ್ಭವ, ಮಡಿಕೇರಿ ದಸರಾ ಮತ್ತು ಅವುಗಳ ಬೆನ್ನಿಗೇ ಬರುವ ರಜೆಗಳ ಹೊತ್ತಿಗೆ ಬ್ಲಾಗ್ ಸಿದ್ಧವಾಗಿದ್ದು, ಹುಡುಕಾಟದಲ್ಲಿ ಸಿಗುವಷ್ಟು ಹಳೆಯದಾಗಿರಬೇಕು. ತೊಡಕೇನೆಂದರೆ ನಮ್ಮ ಕೈಗೆ ಕರೆಂಟು ಸಿಗದಿರುವುದೂ ಅದೇ ತಿಂಗಳುಗಳಲ್ಲಿ. ಗಾಳಿಮಳೆಗೆ ಮರ ತಂತಿಯ ಮೇಲೆ ಬಿದ್ದರೆ ಒಳಗಿನ ಊರುಗಳಲ್ಲಿ ಎರಡು ಮೂರು ದಿನ ಕತ್ತಲೆ. ಟವರಿನ ಬ್ಯಾಟರಿ ಮುಗಿದರೆ ಫೋನೂ ಮೌನ. ಒಮ್ಮೆ ಜುಲೈ ತಿಂಗಳ ಕೊನೆಯಲ್ಲಿ, ನಾಳೆ ಬ್ಲಾಗ್ ಸಾರ್ವಜನಿಕವಾಗುತ್ತದೆ ಎಂದು ಮಾತು ಕೊಟ್ಟ ರಾತ್ರಿಯೇ ನನ್ನ ಮನೆಯ ಕರೆಂಟು ಹೋಗಿ, ನಾಲ್ಕನೆಯ ದಿನ ಕುಶಾಲನಗರಕ್ಕೆ ಬಸ್ ಹತ್ತಿ ಪರಿಚಿತರೊಬ್ಬರ ಅಂಗಡಿಯಲ್ಲಿ ಕುಳಿತು ಕೆಲಸ ಮುಗಿಸಿದೆ. ತಪ್ಪು ಮಳೆಯದಲ್ಲ, ಮಳೆಗಾಲದಲ್ಲಿ ಬಿಡುವಿಲ್ಲದ ದಿನಾಂಕವನ್ನು ಕೊಟ್ಟ ನನ್ನದು. ಅಂದಿನಿಂದ ಕಕ್ಕಡದ ತಿಂಗಳಿಗೆ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬೀಳುವ ಯಾವ ಕೆಲಸಕ್ಕೂ ಹತ್ತು ದಿನ ಹೆಚ್ಚು ಹಿಡಿಯುತ್ತೇನೆ. ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಇಟ್ಟುಕೊಂಡಿದ್ದೇನೆ. ದಿನದ ಕೆಲಸವನ್ನು ಕರೆಂಟು ಇರುವಾಗಲೇ ಕ್ಲೌಡಿಗೂ ಒಂದು ಹೊರ ಡಿಸ್ಕಿಗೂ ನಕಲು ಮಾಡುತ್ತೇನೆ. ಮತ್ತು ಮುಟ್ಟಲಾಗದ ದಿನಗಳು ಬರಬಹುದೆಂದು ಹೊರ ಊರಿನ ಗಿರಾಕಿಗಳಿಗೆ ಮೇ ತಿಂಗಳಲ್ಲೇ ತಿಳಿಸುತ್ತೇನೆ.

ಕೀಲಿಕೈ ಗಿರಾಕಿಯ ಬಳಿಯೇ ಇರಲಿ

ಕಕ್ಕಬೆಯ ಕಡೆಯ ಹೋಂಸ್ಟೇ ಒಂದರ ಮಾಲೀಕರು ತಮ್ಮ ಹಳೆಯ ಬ್ಲಾಗ್ ಕಾಣೆಯಾಗಿದೆ ಎಂದು ಬಂದಿದ್ದರು. ವಿಚಾರಿಸಿದಾಗ, ಡೊಮೇನನ್ನು ಹಿಂದಿನ ವಿನ್ಯಾಸಕರು ತಮ್ಮ ಇಮೇಲಿನಲ್ಲೇ ನೋಂದಾಯಿಸಿದ್ದರು. ಅವರು ಊರು ಬಿಟ್ಟ ಮೇಲೆ ನವೀಕರಣದ ಸೂಚನೆಗಳೆಲ್ಲ ಯಾರೂ ತೆರೆಯದ ಆ ವಿಳಾಸಕ್ಕೆ ಹೋಗಿ, ಹೆಸರು ಬೇರೊಬ್ಬರ ಪಾಲಾಗಿತ್ತು. ವರ್ಷಗಟ್ಟಲೆ ಅತಿಥಿಗಳ ಕಾರ್ಡಿನಲ್ಲಿ, ಗೇಟಿನ ಬೋರ್ಡಿನಲ್ಲಿ ಮುದ್ರಿಸಿದ ಹೆಸರು ಅದು. ವಂಚನೆಯ ಉದ್ದೇಶ ಯಾರಿಗೂ ಇರಲಿಲ್ಲವೆಂದೇ ನನ್ನ ಭಾವನೆ. ‘ನಾನೇ ಮಾಡಿಬಿಡುತ್ತೇನೆ, ನಿಮಗೇಕೆ ತೊಂದರೆ’ ಎಂಬ ಉಪಕಾರ ಬುದ್ಧಿಯಿಂದಲೇ ಇಂಥದು ಆಗುತ್ತದೆ.

ಆದ್ದರಿಂದ ಡೊಮೇನ್ ಮತ್ತು ಹೋಸ್ಟಿಂಗ್ (ಬ್ಲಾಗಿನ ಕಡತಗಳನ್ನು ಇಡುವ ಬಾಡಿಗೆ ಜಾಗ) ಖಾತೆಗಳನ್ನು ಗಿರಾಕಿಯ ಇಮೇಲ್, ಗಿರಾಕಿಯ ಫೋನ್ ಸಂಖ್ಯೆ, ಗಿರಾಕಿಯ ಹಣದಿಂದ, ಅವರ ಎದುರಿನಲ್ಲೇ ತೆರೆಯಿಸಿರಿ. ಇಮೇಲ್ ವಿಳಾಸವೇ ಇಲ್ಲದವರಿಗೆ ಮೊದಲು ಅದನ್ನು ಮಾಡಿಸಿ, ಗುಪ್ತಪದವನ್ನು ಅವರಿಂದಲೇ ಬರೆಸಿ, ಅವರ ಮನೆಯ ಕಪಾಟಿನಲ್ಲಿ ಇಡಿಸಿರಿ. ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಳಸುವುದಾದರೆ ನಿರ್ವಾಹಕ, ಸಂಪಾದಕ, ಲೇಖಕ ಮುಂತಾದ ಪಾತ್ರಗಳು ಅದರಲ್ಲಿಯೇ ಇವೆ. ಮಾಲೀಕರಿಗೆ ನಿರ್ವಾಹಕ ಖಾತೆಯೊಂದನ್ನು ಜೋಪಾನವಾಗಿಡಲು ಕೊಟ್ಟು, ದಿನನಿತ್ಯದ ಬರವಣಿಗೆಗೆ ಸಂಪಾದಕ ಖಾತೆಯನ್ನು ಬೇರೆಯಾಗಿ ಮಾಡಿರಿ. ಸಂಪಾದಕರು ಬರಹಗಳನ್ನು ಸೇರಿಸಿ ತಿದ್ದಬಲ್ಲರು, ಆದರೆ ಥೀಮನ್ನೋ ಪ್ಲಗಿನ್ನನ್ನೋ (ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸುವ ಕಿರು ತಂತ್ರಾಂಶ) ಅಪ್ಪಿತಪ್ಪಿ ಅಳಿಸಲಾರರು.

ಕನ್ನಡದ ಅಕ್ಷರ, ತೋಟದ ಚಿತ್ರ

ವಿನ್ಯಾಸದ ಮಾತಿಗೆ ಬಂದರೆ, ಕನ್ನಡ ಬ್ಲಾಗಿಗೆ ಇಂಗ್ಲಿಷ್ ಬ್ಲಾಗಿನ ಅಳತೆಗಳನ್ನು ಹಾಗೆಯೇ ಹಾಕುವುದು ಅತಿ ಸಾಮಾನ್ಯವಾದ ತಪ್ಪು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಕ್ಕೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲಕ್ಕೆ ಏರುತ್ತದೆ. ‘ಸ್ತ್ರೀ’, ‘ರಾಷ್ಟ್ರ’ ಎಂಬ ಪದಗಳನ್ನು ಶೀರ್ಷಿಕೆಯಲ್ಲಿ ಹಾಕಿ ನೋಡಿದರೆ ಕೆಳಗಿನ ಸಾಲಿಗೆ ತಗಲುತ್ತದೆಯೇ ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟಿನಷ್ಟು ಇಟ್ಟರೆ ಓದು ಹಗುರವಾಗುತ್ತದೆ. ಅಕ್ಷರಗಳ ನಡುವೆ ಕೃತಕ ಅಂತರವನ್ನು ಕೊಡಬಾರದು. ವಾಲಿದ ಅಕ್ಷರ ಕನ್ನಡದ ಮುದ್ರಣ ಪರಂಪರೆಗೆ ಸೇರಿದ್ದಲ್ಲ, ಬ್ರೌಸರು ಬಲವಂತದಿಂದ ವಾಲಿಸಿದ ದುಂಡಕ್ಷರ ಬೀಳುವಂತೆ ಕಾಣುತ್ತದೆ. ಒತ್ತಿ ಹೇಳಬೇಕಾದಲ್ಲಿ ದಪ್ಪ ಅಕ್ಷರ ಸಾಕು. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಟಿರೋ ಕನ್ನಡದಂಥ ಮುಕ್ತ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಆದರೆ ಕನ್ನಡ ಫಾಂಟಿನ ಕಡತ ದೊಡ್ಡದಾಗಿರುವುದರಿಂದ ಎರಡು ದಪ್ಪಗಳಿಗಿಂತ ಹೆಚ್ಚು ಹಾಕಬೇಡಿರಿ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಗುರುತಿಸುವುದನ್ನು ಮರೆತರೆ, ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿದ ಓದುಗರಿಗೆ ಬರೀ ಗದ್ದಲ ಕೇಳಿಸುತ್ತದೆ.

ಹಿರಿಯ ಲೇಖಕರು ತಮ್ಮ ಬರಹವನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಕೊಡುವುದುಂಟು. ಅದನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು. ಈ ಕೆಲಸಕ್ಕೆ ದರದಲ್ಲಿ ಗಂಟೆಗಳನ್ನು ಸೇರಿಸಿರಿ. ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಬರೆಯುವವರ ವಿಷಯದಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಆ ಭಾಷೆಯ ಕೆಲವು ಸ್ವರಗಳಿಗೆ ಕನ್ನಡದಲ್ಲಿ ನೇರವಾದ ಚಿಹ್ನೆ ಇಲ್ಲ, ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆಯುತ್ತಾರೆ. ಗಿರಾಕಿಯ ಕಾಗುಣಿತವನ್ನು ಕೇಳಿ ತಿಳಿದು ಹಾಗೆಯೇ ಉಳಿಸಬೇಕೇ ಹೊರತು ಕನ್ನಡಕ್ಕೆ ಹೊಂದಿಸಿ ‘ತಿದ್ದ’ಬಾರದು. ಪುಟದ ಕೊಂಡಿಯನ್ನು ಮಾತ್ರ ರೋಮನ್ ಅಕ್ಷರದಲ್ಲಿ ಚಿಕ್ಕದಾಗಿ ಇಡುವುದು ಲೇಸು. ಕನ್ನಡದಲ್ಲಿಟ್ಟ ಕೊಂಡಿ ವಾಟ್ಸ್‌ಆ್ಯಪ್‌ಗೆ ಹೋದಾಗ ಅನೇಕ ಸಲ ಶೇಕಡ ಚಿಹ್ನೆಗಳ ಉದ್ದನೆಯ ಬಾಲವಾಗಿಬಿಡುತ್ತದೆ.

ಚಿತ್ರಗಳ ವಿಷಯದಲ್ಲಿ ಕೊಡಗು ಉದಾರಿ, ಗಿರಾಕಿಗಳೂ ಉದಾರಿಗಳು: ಮಂಜಿನ ಬೆಟ್ಟದ ನಲವತ್ತು ಚಿತ್ರಗಳನ್ನು, ಒಂದೊಂದೂ ನಾಲ್ಕೈದು ಎಂಬಿಯಂತೆ, ಒಂದೇ ಪುಟಕ್ಕೆ ಹಾಕಿ ಎನ್ನುತ್ತಾರೆ. ಚಿತ್ರದ ಅಗಲವನ್ನು 1,600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪಕ್ಕೆ ಬದಲಿಸಿ, 200 ಕೆಬಿಯೊಳಗೆ ತಂದರೆ ಕಣ್ಣಿಗೆ ವ್ಯತ್ಯಾಸ ಕಾಣುವುದು ಅಪರೂಪ. ಗೂಗಲ್ಲಿನ ಅಳತೆಗೋಲಿನಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕು. ನಿಮ್ಮ ಮನೆಯ ಫೈಬರಿನಲ್ಲಿ ಅಳೆಯದೆ, ಗಿರಾಕಿಯ ಅಂಗಳದಲ್ಲಿ ನಿಂತು ಅವರದೇ ಫೋನಿನಲ್ಲಿ ಅಳೆಯಿರಿ. ಕಾಫಿ ಗಿಡದ ಕಡುಹಸಿರಿನ ಮೇಲೆ ತಿಳಿಹಸಿರು ಅಕ್ಷರ ಬೇಕೆಂದು ಕೇಳುವವರಿಗೆ, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ವೈದೃಶ್ಯ ಇರಬೇಕೆಂಬ ನಿಯಮವನ್ನು ಬಾಯಲ್ಲಿ ಹೇಳುವ ಬದಲು ಬಿಸಿಲಿನಲ್ಲಿ ಫೋನ್ ಹಿಡಿದು ತೋರಿಸಿದರೆ ಬೇಗ ಒಪ್ಪುತ್ತಾರೆ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ಅಕ್ಷಾಂಶ ರೇಖಾಂಶ ಅಡಗಿರಬಹುದು. ಗೂಡು ಕಟ್ಟಿದ ಹಕ್ಕಿಯ ಅಥವಾ ಒಂಟಿ ಮನೆಯ ಚಿತ್ರದಿಂದ ಅದನ್ನು ಅಳಿಸಿಯೇ ಹಾಕಬೇಕು.

ಅಭಿಪ್ರಾಯ, ಹಸ್ತಾಂತರ, ಆಮೇಲೆ

ಮಾದರಿಯನ್ನು ತೋರಿಸುವಾಗ ಗಿರಾಕಿಯದೇ ಒಂದು ನಿಜವಾದ ಬರಹವನ್ನು ಹಾಕಿರಿ. ಅರ್ಥವಿಲ್ಲದ ತುಂಬು ಪಠ್ಯವಿದ್ದರೆ ಅವರು ಬಣ್ಣವನ್ನಷ್ಟೇ ನೋಡುತ್ತಾರೆ. ‘ಏಕೋ ಸರಿ ಬರಲಿಲ್ಲ’ ಎಂದು ಅವರು ಹೇಳಿದಾಗ ತಕ್ಷಣ ಹೊಸ ಮಾದರಿ ಮಾಡಲು ಓಡಬೇಡಿರಿ. ‘ನಿಮ್ಮ ಅತಿಥಿ ಈ ಪುಟಕ್ಕೆ ಬಂದರೆ ಮೊದಲು ಏನನ್ನು ಹುಡುಕುತ್ತಾರೆ, ಅದು ಎಲ್ಲಿದೆ ತೋರಿಸಿ’ ಎಂದು ಕೇಳಿರಿ. ಸರಿ ಬಾರದ್ದು ಯಾವುದೆಂದು ಸಾಮಾನ್ಯವಾಗಿ ಆಗ ಇಬ್ಬರಿಗೂ ಹೊಳೆಯುತ್ತದೆ. ಫೋನಿನಲ್ಲಿ ಆಡಿದ ಮಾತುಗಳನ್ನು ಅದೇ ಸಂಜೆ ನಾಲ್ಕು ಸಾಲುಗಳಲ್ಲಿ ಬರೆದು ಕಳುಹಿಸಿ, ಅಂತಿಮ ಒಪ್ಪಿಗೆಯ ವ್ಯಕ್ತಿಯಿಂದ ‘ಸರಿ’ ಎಂಬ ಉತ್ತರ ಬಂದ ಮೇಲೆಯೇ ಮುಂದುವರಿಯಿರಿ. ಗಿರಾಕಿಯ ಮೈಸೂರಿನ ಭಾವಮೈದನ ಸಲಹೆಗಳೂ ಅದೇ ದಾರಿಯಲ್ಲೇ ಬರಲಿ.

ಹಸ್ತಾಂತರಕ್ಕೆ ಅರ್ಧ ದಿನವನ್ನು ಮೀಸಲಿಡಬೇಕು. ನಾವು ಮಾಡಿ ತೋರಿಸಿದರೆ ಅವರು ತಲೆಯಾಡಿಸುತ್ತಾರೆ, ಮಾರನೆಯ ದಿನ ಏನೂ ನೆನಪಿರುವುದಿಲ್ಲ. ನೀವು ಕೈಕಟ್ಟಿ ಕುಳಿತು, ಬರೆಯುವವರೇ ಒಂದು ಬರಹವನ್ನು ಸೇರಿಸಿ, ಚಿತ್ರವನ್ನು ಏರಿಸಿ, ಪ್ರಕಟಿಸಿ, ಬಳಿಕ ಅದರಲ್ಲಿನ ಒಂದು ತಪ್ಪನ್ನು ತಿದ್ದಲಿ. ಎಲ್ಲಿ ಅವರ ಬೆರಳು ನಿಲ್ಲುತ್ತದೆಯೋ ಆ ಹಂತವನ್ನು ಗುರುತಿಸಿಕೊಂಡು, ಒಂದೇ ಹಾಳೆಯ ಕನ್ನಡ ಕೈಪಿಡಿಯನ್ನು ಅವರಿಗೆಂದೇ ಮುದ್ರಿಸಿ ಕೊಡಿರಿ. ಡೊಮೇನ್ ನವೀಕರಣದ ದಿನಾಂಕ ಆ ಹಾಳೆಯ ಮೇಲ್ಭಾಗದಲ್ಲಿರಲಿ.

ನಿರ್ವಹಣೆಯನ್ನು ಉಚಿತವಾಗಿ ಒಪ್ಪಿಕೊಳ್ಳಬೇಡಿರಿ, ಬಲವಂತವಾಗಿ ಮಾರಲೂಬೇಡಿರಿ. ತಿಂಗಳಿಗೆ ಇಷ್ಟು ಗಂಟೆ, ಅದರಲ್ಲಿ ವರ್ಡ್‌ಪ್ರೆಸ್ ಮತ್ತು ಪ್ಲಗಿನ್ನುಗಳ ಹೊಸ ಆವೃತ್ತಿ, ವಾರಕ್ಕೊಂದು ಬ್ಯಾಕಪ್, ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪಿನಿಂದ ಬ್ಲಾಗನ್ನು ನಿಜಕ್ಕೂ ಮರಳಿ ಎಬ್ಬಿಸಿ ನೋಡುವ ಪರೀಕ್ಷೆ, ಇಷ್ಟನ್ನು ಬರೆದು ದರ ಹೇಳಿರಿ. ಸಂಪರ್ಕದ ನಮೂನೆಯಲ್ಲಿ ಹೆಸರು, ಫೋನ್, ಬರುವ ದಿನಾಂಕ ಬಿಟ್ಟು ಬೇರೇನನ್ನೂ ಕೇಳದಿದ್ದರೆ ಕಾಪಾಡಬೇಕಾದ ಮಾಹಿತಿಯೂ ಕಡಿಮೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಮಿತವ್ಯಯಕ್ಕೆ ಇನ್ನಷ್ಟು ಬೆಲೆ ಬಂದಿದೆ.

ನಿರ್ವಹಣೆ ಬೇಡವೆಂದವರ ಬ್ಲಾಗಿನಲ್ಲಿ, ಹಸ್ತಾಂತರವಾದ 30ನೆಯ ದಿನ ನನ್ನ ನಿರ್ವಾಹಕ ಖಾತೆಯನ್ನು ನಾನೇ ಅಳಿಸುತ್ತೇನೆ. ಅಳಿಸುವ ಮುನ್ನ ಮಾಲೀಕರಿಂದ ಅವರ ಖಾತೆಗೆ ಒಮ್ಮೆ ಪ್ರವೇಶ ಮಾಡಿಸಿ, ಕಪಾಟಿನ ಗುಪ್ತಪದ ಇನ್ನೂ ಸರಿಯಾಗಿದೆಯೆಂದು ಖಚಿತಪಡಿಸಿಕೊಂಡು, ಅಳಿಸಿದ ದಿನಾಂಕವನ್ನು ಅವರಿಗೆ ಬರೆದು ತಿಳಿಸುತ್ತೇನೆ.